ಬಿಡುವಿದ್ದಾಗಲೇ ಬೀಗ ಹಾಕಿ: ಮನೆಯ ಫೋನಿಗೂ ಆಫೀಸಿನ ಕಂಪ್ಯೂಟರಿಗೂ

ನಮ್ಮ ಚಿಕ್ಕಪ್ಪನ ವಾಟ್ಸಾಪ್‌ಗೆ ಹೋದ ಮದುವೆ ಸೀಸನ್ನಿನಲ್ಲಿ ಒಂದು ಲಗ್ನಪತ್ರಿಕೆ ಬಂತು. ಗುರುತಿನವರ ನಂಬರಿನಿಂದಲೇ ಬಂದಿತ್ತು. ದಿನಕ್ಕೆ ಎರಡು ಮೂರು ಪತ್ರಿಕೆ ಬರುವ ಕಾಲ, ಯಾರ ಮನೆಯದು ನೋಡೋಣ ಅಂತ ಒತ್ತಿದ್ದಾರೆ. ಪತ್ರಿಕೆ ತೆರೆಯಲಿಲ್ಲ. ಇನ್‌ಸ್ಟಾಲ್ ಮಾಡಲಾ ಅಂತ ಫೋನ್ ಕೇಳಿತು, ಎಸ್‌ಎಂಎಸ್ ಓದಲು ಬಿಡಲಾ ಅಂತ ಕೇಳಿತು, ಎರಡಕ್ಕೂ ಹೂಂ ಅಂದರು. ಊಟದ ಹೊತ್ತಿಗೆ ಅವರ ನಂಬರಿನಿಂದ ನಮಗೆಲ್ಲ ಅದೇ ಪತ್ರಿಕೆ ಬಂತು. ಸಂಜೆಯೊಳಗೆ ಖಾತೆಯಿಂದ 38 ಸಾವಿರ ಹೋಗಿತ್ತು.

ಚಿಕ್ಕಪ್ಪ ದಡ್ಡರಲ್ಲ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಮನುಷ್ಯ, ಚಿಲ್ಲರೆ ಎಣಿಸದೆ ಅಂಗಡಿ ಬಿಟ್ಟು ಕದಲುವವರಲ್ಲ. ಆವತ್ತು ಹೊರಡುವ ಗಡಿಬಿಡಿಯಲ್ಲಿದ್ದರು ಅಷ್ಟೇ. ಗಡಿಬಿಡಿಯಲ್ಲಿ ನಾನೂ ಒತ್ತುತ್ತಿದ್ದೆ, ನೀವೂ ಒತ್ತುತ್ತಿದ್ದಿರಿ. ನಾನು ಒಂದು ಚಿಕ್ಕ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ, ಅಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಕರೆಯುವುದೂ ನನ್ನನ್ನೇ. ಇಷ್ಟು ವರ್ಷದಲ್ಲಿ ನನಗೆ ಅನ್ನಿಸಿದ್ದು ಇದು: 'ಹುಷಾರಾಗಿರಿ' ಅಂತ ಹೇಳಿ ಪ್ರಯೋಜನ ಕಮ್ಮಿ. ಅವಸರದ ಹೊತ್ತಲ್ಲಿ ತಪ್ಪು ಒತ್ತಿದರೂ ಜಾಸ್ತಿ ನಷ್ಟ ಆಗದ ಹಾಗೆ, ಬಿಡುವಿದ್ದಾಗಲೇ ಒಂದಷ್ಟು ಬೀಗ ಹಾಕಿಟ್ಟಿರಬೇಕು. ಒಂದು ಭಾನುವಾರ ಬೆಳಗ್ಗೆ ತಿಂಡಿ ಆದಮೇಲೆ ಎರಡು ಗಂಟೆ ಕೂತರೆ ಮನೆಯವರೆಲ್ಲರ ಫೋನೂ ಮುಗಿಯುತ್ತದೆ.

ಮೊದಲು ಆ ಲಗ್ನಪತ್ರಿಕೆ

ಪತ್ರಿಕೆ ಅಂದರೆ ಫೋಟೋ ಇರುತ್ತದೆ, ಇಲ್ಲ ಪಿಡಿಎಫ್ ಇರುತ್ತದೆ, ವಿಡಿಯೋ ಇರುತ್ತದೆ. ಫೈಲಿನ ಹೆಸರಿನ ಕೊನೆಗೆ ಎಪಿಕೆ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಆಪ್. ಮದುವೆಗೆ ಕರೆಯೋಕೆ ಯಾರೂ ಆಪ್ ಕಳಿಸಲ್ಲ. ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಕಂತು, ಬ್ಯಾಂಕ್ ಕೆವೈಸಿ, ಇವುಗಳ ಹೆಸರಲ್ಲೂ ಇದೇ ತರಹದ ಫೈಲ್ ಬರುತ್ತದೆ. ಒಳಗೆ ಹೊಕ್ಕ ಆಪ್ ಮಾಡುವ ಕೆಲಸ ಸರಳ: ನಿಮಗೆ ಬರುವ ಎಸ್‌ಎಂಎಸ್ ಓದಿ, ಅದರಲ್ಲಿರುವ ಓಟಿಪಿಯನ್ನು ಕಳ್ಳನಿಗೆ ಕಳಿಸುವುದು. ನೀವು ಯಾರಿಗೂ ಓಟಿಪಿ ಹೇಳಿರುವುದಿಲ್ಲ, ಆದರೂ ದುಡ್ಡು ಹೋಗುತ್ತದೆ.

ಬೀಗ ಎಲ್ಲಿ ಹಾಕಬೇಕು? ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ 'ಅನ್‌ನೋನ್ ಆಪ್ಸ್' ಅಂತ ಬರೆಯಿರಿ. ಬೇರೆ ಆಪ್ ಇನ್‌ಸ್ಟಾಲ್ ಮಾಡಲು ಯಾವುದಕ್ಕೆಲ್ಲ ಅನುಮತಿ ಇದೆ ಅಂತ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ವಾಟ್ಸಾಪ್, ಕ್ರೋಮ್, ಟೆಲಿಗ್ರಾಂ, ಫೈಲ್ಸ್ ಎಲ್ಲದರ ಮುಂದೆಯೂ ಅನುಮತಿ ಇಲ್ಲ ಅಂತ ಇರಬೇಕು. ಯಾವುದಕ್ಕಾದರೂ ಅನುಮತಿ ಇದ್ದರೆ ತೆಗೆದುಬಿಡಿ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೋ ಒತ್ತಿದರೆ ಪ್ಲೇ ಪ್ರೊಟೆಕ್ಟ್ ಅಂತ ಕಾಣುತ್ತದೆ, ಕೆಟ್ಟ ಆಪ್ ಹುಡುಕುವ ಕಾವಲು ಅದು, ಆನ್ ಇರಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಫೋನಿನಲ್ಲಿ ಬೇರೇನು ಮಾಡದಿದ್ದರೂ ಇದೊಂದು ಮಾಡಿಕೊಡಿ, ಐದು ನಿಮಿಷದ ಕೆಲಸ.

ಈಗಾಗಲೇ ಒತ್ತಿ ಇನ್‌ಸ್ಟಾಲ್ ಆಗಿಹೋಗಿದ್ದರೆ? ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಆಪ್‌ಗೆ ಹೊರಗಿನ ಸಂಪರ್ಕ ತಪ್ಪಿದರೆ ಅದು ಓಟಿಪಿ ಕಳಿಸಲಾರದು. ಆಮೇಲೆ ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ಫೋನ್ ಮಾಡಿ. ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸುವುದು ಒಳ್ಳೆಯದು, ಸುಮ್ನೆ ಆಪ್ ಅಳಿಸಿ ನೆಮ್ಮದಿಯಾಗಿರಬೇಡಿ, ಎಷ್ಟೋ ಇಂಥ ಆಪ್‌ಗಳು ತಮ್ಮ ಐಕಾನ್ ಬಚ್ಚಿಟ್ಟುಕೊಂಡಿರುತ್ತವೆ.

ಜಿಮೇಲ್ ಅಂದರೆ ಬೀರುವಿನ ಕೀಲಿ

ನಿಮ್ಮ ಇಮೇಲ್ ಒಬ್ಬನ ಕೈಗೆ ಸಿಕ್ಕರೆ ಉಳಿದದ್ದೆಲ್ಲ ಸಿಕ್ಕ ಹಾಗೆ. ಫೇಸ್‌ಬುಕ್ ಇರಲಿ, ಅಮೆಜಾನ್ ಇರಲಿ, ಪಾಸ್‌ವರ್ಡ್ ಮರೆತೆ ಅಂದರೆ ಹೊಸದು ಮಾಡಿಕೊಳ್ಳುವ ಲಿಂಕ್ ಬರುವುದು ಅಲ್ಲಿಗೇ. ಆದರೂ ನಾವು ಜಿಮೇಲ್ ಪಾಸ್‌ವರ್ಡ್ ಅನ್ನು ಹತ್ತು ವರ್ಷದ ಹಿಂದೆ ಯಾರೋ ಫೋನ್ ಅಂಗಡಿಯವರು ಹಾಕಿಕೊಟ್ಟದ್ದನ್ನೇ ಇಟ್ಟುಕೊಂಡಿರುತ್ತೇವೆ, ಹೆಸರು ಮತ್ತು 123.

ಒಳ್ಳೆಯ ಪಾಸ್‌ವರ್ಡ್‌ಗೆ ಉದ್ದ ಮುಖ್ಯ. ಅಕ್ಷರದ ಬದಲು ಚಿಹ್ನೆ ಹಾಕುವುದು, ಮೂರು ತಿಂಗಳಿಗೊಮ್ಮೆ ಬದಲಿಸುವುದು, ಇದರಿಂದ ಲಾಭ ಇಲ್ಲ, ಜನ ಕೊನೆಗೆ ಒಂದರ ಬದಲು ಎರಡು ಅಂತ ಹಾಕಿ ಸುಮ್ಮನಾಗುತ್ತಾರೆ. ಅಮೆರಿಕದ ಗುಣಮಟ್ಟ ಸಂಸ್ಥೆ ನಿಸ್ಟ್ 2017ರಲ್ಲೇ ಇದನ್ನು ಹೇಳಿತು: ಸೋರಿಕೆ ಆದ ಸುಳಿವಿದ್ದಾಗ ಬದಲಿಸಿ, ಸುಮ್ಮಸುಮ್ಮನೆ ಬದಲಿಸಲು ಒತ್ತಾಯ ಬೇಡ ಅಂತ. ನಾನು ಮಾಡುವ ಕ್ರಮ ಹೀಗೆ. ಮನೆಯಲ್ಲಿರುವ ಕನ್ನಡ ನಿಘಂಟನ್ನು ಕಣ್ಣುಮುಚ್ಚಿ ನಾಲ್ಕು ಸಲ ತೆರೆದು, ಬೆರಳಿಟ್ಟ ಕಡೆ ಸಿಕ್ಕ ಪದ ಬರೆದುಕೊಳ್ಳುತ್ತೇನೆ. ಹಲಸು, ಏಣಿ, ಗುಡುಗು, ಜರಡಿ ಅಂತ ಬಂತು ಅನ್ನಿ. ನಾಲ್ಕನ್ನೂ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ಒಂದು ಉದ್ದದ ಪಾಸ್‌ವರ್ಡ್ ಆಯಿತು. ಏಣಿ ಹಾಕಿ ಹಲಸು ಇಳಿಸುವಾಗ ಗುಡುಗಿತು, ಜರಡಿ ತಲೆ ಮೇಲೆ ಹಿಡಿದೆ ಅಂತ ಒಂದು ಚಿತ್ರ ಕಟ್ಟಿಕೊಂಡರೆ ಮರೆಯುವುದೂ ಇಲ್ಲ. ಈ ನಾಲ್ಕನ್ನೇ ಹಾಕಬೇಡಿ, ಇಲ್ಲಿ ಬರೆದಾಯಿತಲ್ಲ. ಗಾದೆ, ಹಾಡಿನ ಸಾಲು, ಮನೆದೇವರ ಹೆಸರು, ಮಕ್ಕಳ ಹುಟ್ಟಿದ ದಿನ ಇವೆಲ್ಲ ಬೇಡ, ಊಹಿಸುವವರು ಮೊದಲು ನೋಡುವುದೇ ಅಲ್ಲಿ.

ಒಂದು ಕಡೆ ಹಾಕಿದ ಪಾಸ್‌ವರ್ಡ್ ಇನ್ನೊಂದು ಕಡೆ ಹಾಕಬಾರದು. ಯಾವುದೋ ಶಾಪಿಂಗ್ ತಾಣದಿಂದ ಪಟ್ಟಿ ಸೋರಿದರೆ, ಕಳ್ಳರು ಅದೇ ಇಮೇಲ್ ಅದೇ ಪಾಸ್‌ವರ್ಡ್ ಹಿಡಿದು ಬೇರೆ ನೂರು ಕಡೆ ಪ್ರಯತ್ನಿಸುತ್ತಾರೆ. ಹಾಗಾದರೆ ಇಷ್ಟೆಲ್ಲ ನೆನಪಿಡುವುದು ಹೇಗೆ ಅಂತ ಕೇಳುತ್ತೀರಿ. ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಕ್ರೋಮ್‌ನಲ್ಲಿ, ಐಫೋನಿನಲ್ಲಿ ಇರುವುದೇ ಸಾಕು. ಅದು ಒಗ್ಗದ ಹಿರಿಯರಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಲು ಹೇಳಿ. ಇದಕ್ಕೆ ಕೆಲವರು ಮೂಗು ಮುರಿಯುತ್ತಾರೆ, ಆದರೆ ಜಾರ್ಖಂಡಿನಲ್ಲೋ ಕಾಂಬೋಡಿಯಾದಲ್ಲೋ ಕೂತ ಕಳ್ಳನಿಗೆ ನಿಮ್ಮ ಬೀರು ಎಟಕುವುದಿಲ್ಲ, ಹಳೆಯ ಪಾಸ್‌ವರ್ಡ್ ಎಟಕುತ್ತದೆ. ಎಟಿಎಂ ಪಿನ್ ಅನ್ನು ಫೋನ್ ನಂಬರಿನ ಹಾಗೆ ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಮಾಡುವ ಅಭ್ಯಾಸ ಮಾತ್ರ ಇವತ್ತೇ ಬಿಡಿಸಿ.

ಆಮೇಲೆ ಎರಡನೇ ಬೀಗ. ಗೂಗಲ್ ಅಕೌಂಟಿನ ಸೆಕ್ಯುರಿಟಿಗೆ ಹೋಗಿ ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಅಲ್ಲೇ ಬ್ಯಾಕಪ್ ಕೋಡ್ ಅಂತ 10 ಕೋಡ್ ಕೊಡುತ್ತದೆ, ಅವನ್ನು ಕಾಗದದ ಮೇಲೆ ಬರೆದು ಆಸ್ತಿಪತ್ರದ ಜೊತೆ ಇಡಿ. ಫೋನ್ ಕಳೆದ ದಿನ ಅದು ಬೇಕಾಗುತ್ತದೆ. ಅದೇ ಪುಟದಲ್ಲಿ ನಿಮ್ಮ ಖಾತೆ ಯಾವ ಯಾವ ಸಾಧನದಲ್ಲಿ ತೆರೆದಿದೆ ಅಂತಲೂ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಎರಡು ವರ್ಷದ ಹಿಂದೆ ಮಾರಿದ ಫೋನ್ ಇನ್ನೂ ಪಟ್ಟಿಯಲ್ಲಿತ್ತು.

ಜೆರಾಕ್ಸ್ ಅಂಗಡಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಊರುಗಳಲ್ಲಿ ಇದರ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ಆಧಾರ್ ಪ್ರಿಂಟ್ ಬೇಕು, ಹೋಗುತ್ತೇವೆ. 'ವಾಟ್ಸಾಪ್ ಮಾಡಿ ಸರ್' ಅಂತ ಗೋಡೆ ಮೇಲಿನ ನಂಬರ್ ತೋರಿಸುತ್ತಾರೆ. ಕಳಿಸುತ್ತೇವೆ. ಅವರ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಊರಿನ ಅರ್ಧ ಜನರ ಆಧಾರ್, ಪಾನ್, ಪಾಸ್‌ಬುಕ್ಕಿನ ಮೊದಲ ಪುಟ, ಅಂಕಪಟ್ಟಿ ಬಿದ್ದಿರುತ್ತವೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೆ ಆ ಕಂಪ್ಯೂಟರಿನ ಮುಂದೆ ದಿನಕ್ಕೆ ನೂರು ಜನ ಬಂದು ಪೆನ್‌ಡ್ರೈವ್ ಚುಚ್ಚುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ ಅಲ್ಲೇ ವಾಟ್ಸಾಪ್ ವೆಬ್ ತೆರೆದು, ಪ್ರಿಂಟ್ ತೆಗೆದುಕೊಂಡು, ಲಾಗ್‌ಔಟ್ ಮಾಡದೆ ಬಂದುಬಿಡುತ್ತಾರೆ. ಅವರ ಎಲ್ಲ ಮೆಸೇಜೂ ಆ ಪರದೆಯಲ್ಲಿ ಉಳಿಯುತ್ತದೆ.

ಮಾಡಬೇಕಾದದ್ದು ಇಷ್ಟು. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ತಾಣದಿಂದ ಮಾಸ್ಕ್ಡ್ ಆಧಾರ್ ಇಳಿಸಿಟ್ಟುಕೊಳ್ಳಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಲಾಡ್ಜಿಗೋ ಬಾಡಿಗೆ ಮನೆಗೋ ಅದೇ ಕೊಡಿ. ಪ್ರಿಂಟ್ ಆದಮೇಲೆ 'ಅಣ್ಣ, ಫೈಲ್ ಡಿಲೀಟ್ ಮಾಡಿ, ರೀಸೈಕಲ್ ಬಿನ್‌ನಿಂದಲೂ ತೆಗೀರಿ' ಅಂತ ಎದುರಿಗೇ ನಿಂತು ಹೇಳಿ. ಸಂಕೋಚ ಬೇಡ, ಒಂದೆರಡು ಸಲ ಹೇಳಿದರೆ ಅವರಿಗೇ ರೂಢಿಯಾಗುತ್ತದೆ. ಕಳಿಸಿದ ಮೆಸೇಜನ್ನು 'ಡಿಲೀಟ್ ಫಾರ್ ಎವ್ರಿವನ್' ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ಗೊತ್ತಿಲ್ಲದ್ದು ಇದ್ದರೆ ಲಾಗ್‌ಔಟ್ ಮಾಡಿ. ಅಲ್ಲೇ ಅಕೌಂಟ್ ಒಳಗೆ ಟೂ-ಸ್ಟೆಪ್ ವೆರಿಫಿಕೇಶನ್‌ಗೆ 6 ಅಂಕಿಯ ಪಿನ್ ಹಾಕಿ. ಯಾರೋ 'ತಪ್ಪಿ ನಿಮಗೆ ನನ್ನ ಕೋಡ್ ಬಂದಿದೆ, ಸ್ವಲ್ಪ ಹೇಳಿ' ಅಂತ ಕೇಳಿ, ನೀವು ಮೈಮರೆತು ಹೇಳಿಬಿಟ್ಟರೂ, ಆ ಪಿನ್ ಇಲ್ಲದೆ ಅವರು ನಿಮ್ಮ ವಾಟ್ಸಾಪ್ ತೆರೆಯಲಾರರು.

ಆಧಾರ್ ಮಾತು ಬಂದಾಗ ಬೆರಳಚ್ಚಿನ ವಿಷಯವನ್ನೂ ಹೇಳಬೇಕು. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ, ಓಟಿಪಿಯೂ ಇಲ್ಲದೆ, ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಹೋದ ದೂರುಗಳು ಬಂದವು. ಅಲ್ಲಿ ಬೇಕಾಗುವುದು ಆಧಾರ್ ನಂಬರು ಮತ್ತು ಬೆರಳಚ್ಚು ಅಷ್ಟೇ. ಆಧಾರ್ ಆಪ್‌ನಲ್ಲಿ ಅಥವಾ ತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ಲಾಕ್ ತೆಗೆದುಕೊಂಡು ಹೋಗಬೇಕು, ಅದೊಂದು ನೆನಪಿರಲಿ, ಇಲ್ಲದಿದ್ದರೆ ಅಲ್ಲಿ ಹೋಗಿ ಮಷಿನ್ ಕೆಟ್ಟಿದೆ ಅಂತ ಅಂದುಕೊಳ್ಳುತ್ತೀರಿ.

ದುಡ್ಡಿರುವ ಖಾತೆ ಬೇರೆ, ಸ್ಕ್ಯಾನ್ ಮಾಡುವ ಖಾತೆ ಬೇರೆ

ಸಂಬಳ ಬರುವ ಖಾತೆಯನ್ನೇ ಯುಪಿಐಗೆ ಜೋಡಿಸಿ, ಸೊಪ್ಪಿನವರಿಗೂ ಅದರಿಂದಲೇ ಸ್ಕ್ಯಾನ್ ಮಾಡುವುದು ಬೇಡ. ಇನ್ನೊಂದು ಉಳಿತಾಯ ಖಾತೆ ತೆಗೆದು, ವಾರಕ್ಕೊಮ್ಮೆ ಎರಡು ಮೂರು ಸಾವಿರ ಹಾಕಿಕೊಂಡು, ಅದನ್ನು ಮಾತ್ರ ಫೋನಿನಲ್ಲಿಡಿ. ಏನೇ ಎಡವಟ್ಟಾದರೂ ಹೋಗುವುದು ಅಷ್ಟೇ. ನಾನು ಹೇಳಿದ್ದರಲ್ಲಿ ಒಂದನ್ನೇ ಮಾಡುತ್ತೀನಿ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಯುಪಿಐ ಪಿನ್ ಹಾಕುವುದು ಕೊಡೋಕೆ, ತಗೊಳ್ಳೋಕೆ ಅಲ್ಲ. ಹಳೇ ಸೋಫಾ ಮಾರಲು ಹಾಕಿದ್ದೀರಿ, ಕೊಳ್ಳುವವನು 'ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂದ ಅಂದರೆ ಅಲ್ಲಿಗೆ ಮಾತು ಮುಗಿಸಿ. ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎರಡನ್ನೂ ಬ್ಯಾಂಕಿನ ಆಪ್‌ನಲ್ಲಿ ನೀವೇ ಆನ್ ಆಫ್ ಮಾಡಬಹುದು, 2020ರ ಅಕ್ಟೋಬರ್‌ನಿಂದ ಆರ್‌ಬಿಐ ಈ ಸೌಲಭ್ಯ ಕಡ್ಡಾಯ ಮಾಡಿದೆ. ಬಳಸದಿದ್ದರೆ ಆಫ್ ಇರಲಿ.

ಸಿಮ್‌ಗೂ ಒಂದು ಲಾಕ್ ಇದೆ. ಫೋನ್ ಕದ್ದವನಿಗೆ ನಿಮ್ಮ ಪರದೆಯ ಲಾಕ್ ಬಿಚ್ಚುವ ಕಷ್ಟವೇ ಬೇಡ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಓಟಿಪಿ ಎಲ್ಲ ಅಲ್ಲಿಗೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಸಿಮ್ ಲಾಕ್' ಹುಡುಕಿ ಪಿನ್ ಹಾಕಿ. ಮೊದಲಿನ ಪಿನ್ ಏನು ಅಂತ ನಿಮ್ಮ ಸಿಮ್ ಕಂಪನಿಯನ್ನು ಕೇಳಿಯೇ ಹಾಕಿ, ಮೂರು ಸಲ ತಪ್ಪಾದರೆ ಸಿಮ್ ಬಿಚ್ಚಲು ಪಿಯುಕೆ ಅನ್ನುವ ಇನ್ನೊಂದು ಕೋಡ್ ಕೇಳುತ್ತದೆ. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಅಂತ ನೋಡಬಹುದು, ಕಳೆದ ಫೋನನ್ನು ಬ್ಲಾಕ್ ಮಾಡಿಸುವುದೂ ಅಲ್ಲಿಂದಲೇ.

ಫೋನ್ ಇಟ್ಟು ನಾನೇ ಮಾಡ್ತೀನಿ

ಈ ಒಂದು ವಾಕ್ಯ ಮನೆಯವರೆಲ್ಲರ ಬಾಯಲ್ಲೂ ಕೂರಬೇಕು. 'ಇವತ್ತು ರಾತ್ರಿ 9:30ಕ್ಕೆ ಕರೆಂಟ್ ಕಟ್ ಆಗುತ್ತೆ, ಬಿಲ್ ಅಪ್‌ಡೇಟ್ ಆಗಿಲ್ಲ' ಅಂತ ಬಂತಾ? ಫೋನ್ ಇಟ್ಟು, ಬಿಲ್ಲಿನ ಮೇಲಿರುವ ನಂಬರಿಗೆ ನೀವೇ ಮಾಡಿ. ಬ್ಯಾಂಕಿನಿಂದ ಅಂದರಾ? ಕಾರ್ಡಿನ ಹಿಂದಿರುವ ನಂಬರಿಗೆ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಮಾತ್ರ ಮಾಡಬೇಡಿ, ಅಲ್ಲಿ ಕಳ್ಳರೇ ನಂಬರ್ ಹಾಕಿರುತ್ತಾರೆ. ಬ್ಯಾಂಕಿನ ವೆಬ್ ವಿಳಾಸ 'ಬ್ಯಾಂಕ್ ಡಾಟ್ ಇನ್' ಅಂತ ಕೊನೆಯಾಗಿದೆಯಾ ನೋಡಿ, 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕು ಅಂತ ಆರ್‌ಬಿಐ ಹೇಳಿತ್ತು.

ಪೊಲೀಸ್ ವೇಷ ಹಾಕಿಕೊಂಡು ವಿಡಿಯೋ ಕರೆ ಮಾಡಿ, ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಕ್ಯಾಮೆರಾ ಮುಂದಿಂದ ಏಳಬೇಡಿ ಅನ್ನುತ್ತಾರಲ್ಲ, ಡಿಜಿಟಲ್ ಅರೆಸ್ಟ್ ಅಂತ, ಅಂಥದ್ದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಆದರೂ ಒಂಟಿಯಾಗಿರುವ ಹಿರಿಯರು ದಿನಗಟ್ಟಲೆ ಆ ಪರದೆಯ ಮುಂದೆ ಕೂತು ಎಫ್‌ಡಿ ಮುರಿಸಿ ಕಳಿಸುತ್ತಾರೆ, ಯಾಕೆಂದರೆ 'ಯಾರಿಗೂ ಹೇಳಬೇಡಿ' ಅಂತ ಅವರನ್ನು ಹೆದರಿಸಿರುತ್ತಾರೆ. ನಿಮ್ಮ ಅಪ್ಪ ಅಮ್ಮನಿಗೆ ಇವತ್ತೇ ಹೇಳಿಡಿ: ಯಾರಿಗೂ ಹೇಳಬೇಡ ಅಂತ ಯಾರು ಹೇಳಿದರೂ ಮೊದಲು ನನಗೆ ಹೇಳಿ.

ಮಗನ ದನಿಯಲ್ಲೇ 'ಆಕ್ಸಿಡೆಂಟ್ ಆಗಿದೆ, ದುಡ್ಡು ಕಳಿಸಿ' ಅಂತ ಫೋನ್ ಬರುವ ಕಾಲ ಇದು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ. ನಮ್ಮ ಮನೆಯದು ಹಳೆಯ ಎಮ್ಮೆಯ ಹೆಸರು.

ಆಫೀಸಿನಲ್ಲಿ

ಇಲ್ಲಿ ದೊಡ್ಡ ಏಟು ಬೀಳುವುದು ಲೆಕ್ಕದ ವಿಭಾಗಕ್ಕೆ. ವರ್ಷಗಳಿಂದ ಮಾಲು ಕೊಡುವ ಪಾರ್ಟಿಯಿಂದ ಇಮೇಲ್ ಬರುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಬಿಲ್ ಇದಕ್ಕೆ ಹಾಕಿ. ಲೆಟರ್‌ಹೆಡ್ ಸರಿ, ಸಹಿ ಸರಿ, ಬಿಲ್ ನಂಬರೂ ಸರಿ, ಯಾಕೆಂದರೆ ಅವರ ಮೇಲ್‌ಬಾಕ್ಸ್‌ನಲ್ಲಿ ಯಾರೋ ಕೂತು ಓದುತ್ತಿರುತ್ತಾರೆ. ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಖಾತೆ ನಂಬರ್ ಬದಲು ಅಂದರೆ, ಹಳೆಯ ರಿಜಿಸ್ಟರಿನಲ್ಲಿರುವ ನಂಬರಿಗೆ ಫೋನ್ ಮಾಡಿ ಗುರುತಿನ ದನಿ ಕೇಳಿ, ಯಾರ ಜೊತೆ ಎಷ್ಟು ಗಂಟೆಗೆ ಮಾತಾಡಿದೆವು ಅಂತ ವೋಚರ್ ಹಿಂದೆ ಬರೆದು, ಇನ್ನೊಬ್ಬರ ಸಹಿ ಹಾಕಿಸಿ, ಆಮೇಲೆ ಪೇಮೆಂಟ್. ಆ ಇಮೇಲಿನಲ್ಲೇ ಇರುವ ನಂಬರಿಗೆ ಮಾಡಿದರೆ ಕಳ್ಳನೇ ಎತ್ತಿಕೊಳ್ಳುತ್ತಾನೆ. ಬಾಸ್ ಫೋಟೋ ಇರುವ ಹೊಸ ನಂಬರಿನಿಂದ 'ಮೀಟಿಂಗ್‌ನಲ್ಲಿದ್ದೀನಿ, ಅರ್ಜೆಂಟ್ ಕಳಿಸು' ಅಂತ ಬಂದರೂ ಇದೇ ನಿಯಮ. ಮಾಲೀಕರು ಇದನ್ನು ತಾವೇ ಬಾಯಿಬಿಟ್ಟು ಹೇಳಬೇಕು: ನನಗೆ ಫೋನ್ ಮಾಡಿ ಕೇಳಿದ್ದಕ್ಕೆ ಯಾರನ್ನೂ ಬೈಯಲ್ಲ ಅಂತ. ಅದು ಹೇಳದಿದ್ದರೆ ಹೊಸ ಹುಡುಗ ಹುಡುಗಿಯರು ಹೆದರಿಕೊಂಡು ಕಳಿಸಿಬಿಡುತ್ತಾರೆ.

ಅಪ್‌ಡೇಟ್ ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ ಜಗತ್ತಿನ ತುಂಬ ಕಂಪ್ಯೂಟರಿನ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಅದನ್ನು ತಡೆಯುವ ಅಪ್‌ಡೇಟ್ ಅನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಆಫೀಸಿನಲ್ಲಿ ಇನ್ನೂ ಅದೇ ಇದ್ದರೆ ಮಾಲೀಕರ ಜೊತೆ ಮಾತಾಡಿ.

ಬ್ಯಾಕಪ್ ವಿಷಯದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಟ್ಯಾಲಿ ಡೇಟಾ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಆ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಚುಚ್ಚಿಯೇ ಬಿಟ್ಟಿರುತ್ತಾರೆ. ಬೀಗ ಜಡಿಯುವ ವೈರಸ್ ಅದನ್ನೂ ಬಿಡುವುದಿಲ್ಲ. ಕಾಪಿ ಆದಮೇಲೆ ಕಿತ್ತು ಡ್ರಾಯರಿನಲ್ಲಿಡಿ, ಇನ್ನೊಂದು ಕಾಪಿ ಬೇರೆ ಜಾಗದಲ್ಲಿರಲಿ. ತಿಂಗಳಿಗೊಮ್ಮೆ ಅದರಿಂದ ಒಂದು ಫೈಲ್ ತೆರೆದು ನೋಡಿ.

ಉಳಿದವು ಬೇಗ ಹೇಳುತ್ತೇನೆ. ಸೀಟಿನಿಂದ ಎದ್ದರೆ ವಿಂಡೋಸ್ ಕೀ ಜೊತೆ ಎಲ್ ಒತ್ತಿ, ಚಹಾಕ್ಕೆ ಹೋಗುವಾಗಲೂ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬೇಡ. ಕೆಲಸ ಬಿಟ್ಟವರ ಲಾಗಿನ್ ಅವತ್ತೇ ಮುಚ್ಚಿ. ಗಿರಾಕಿಗಳ ಪಟ್ಟಿ, ಸಂಬಳದ ಶೀಟನ್ನು ಚಾಟ್‌ಜಿಪಿಟಿಯಂಥ ಕಡೆ ಹಾಕಬೇಡಿ. ವೈಫೈ ರೌಟರ್, ಸಿಸಿ ಕ್ಯಾಮೆರಾಗಳಿಗೆ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳೊಳಗೆ ಹೊಕ್ಕಿದ್ದು ಇಂಥ 60ಕ್ಕೂ ಹೆಚ್ಚು ಪಾಸ್‌ವರ್ಡ್‌ಗಳ ಒಂದು ಪಟ್ಟಿ ಹಿಡಿದುಕೊಂಡು.

ಹೋಗಿಯೇಬಿಟ್ಟರೆ

ಬ್ಯಾಂಕಿಗೆ ಫೋನ್, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ನಿಮಿಷಗಳ ಲೆಕ್ಕ ಇದು, ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಎಟಿಎಂನಿಂದ ಹೊರಬರುವ ಮೊದಲು ತಡೆದರೆ ಸಿಗುವ ದಾರಿ ಇದೆ. ವಹಿವಾಟಿನ ನಂಬರು, ಸಮಯ, ಮೊತ್ತ ಹತ್ತಿರ ಇಟ್ಟುಕೊಳ್ಳಿ. ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ರಾಷ್ಟ್ರೀಯ ಸೈಬರ್ ಕ್ರೈಮ್ ತಾಣದಲ್ಲೂ ದೂರು ಹಾಕಬಹುದು, ಜಿಲ್ಲೆಯ ಸೆನ್ ಠಾಣೆಗೂ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೂ ಹೋಗಬಹುದು. ಬ್ಯಾಂಕಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ: ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹಣ ಹೋಗಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಹೊರಿಸಬಾರದು ಅಂತ ಆರ್‌ಬಿಐ 2017ರ ಜುಲೈನಲ್ಲೇ ನಿಯಮ ಮಾಡಿದೆ. ನೀವೇ ಓಟಿಪಿ ಹೇಳಿದ್ದರೂ, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಬೇಗ ತಿಳಿಸಿದಷ್ಟೂ ಒಳ್ಳೆಯದು. 'ಹೋದ ದುಡ್ಡು ತೆಗೆಸಿಕೊಡ್ತೀವಿ, ಸ್ವಲ್ಪ ಫೀಸ್ ಕಟ್ಟಿ' ಅಂತ ಆಮೇಲೆ ಬರುವವರು ಎರಡನೇ ಕಳ್ಳರು.

ನಮ್ಮ ಚಿಕ್ಕಪ್ಪ ಎರಡು ದಿನ ಯಾರಿಗೂ ಹೇಳಲಿಲ್ಲ. ಮಕ್ಕಳು ಬೈತಾರೆ ಅಂತ ನಾಚಿಕೆಯಲ್ಲಿ ಸುಮ್ಮನಿದ್ದರು, ಅಷ್ಟರಲ್ಲಿ ದುಡ್ಡು ಕೈಬಿಟ್ಟಿತ್ತು. ಅದಕ್ಕೇ ಮನೆಯಲ್ಲಿ ಯಾರಾದರೂ ಬಂದು ಹೀಗಾಯ್ತು ಅಂದರೆ ಮೊದಲ ಮಾತು ಬೈಗುಳ ಆಗಬಾರದು. 'ಆಯ್ತು ಬಿಡಿ, ಈಗ ಫೋನ್ ಮಾಡೋಣ' ಅನ್ನಿ.

ಈಗ ಅವರ ಮನೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ ಮೊಳೆಯ ಪಕ್ಕ ಒಂದು ಚೀಟಿ ಅಂಟಿಸಿದ್ದೇವೆ. 1930, ಬ್ಯಾಂಕಿನ ನಂಬರು, ಸಿಮ್ ಬ್ಲಾಕ್ ಮಾಡಿಸುವ ನಂಬರು, ನನ್ನ ನಂಬರು. ದಪ್ಪ ಅಕ್ಷರದಲ್ಲಿ, ಕನ್ನಡಕ ಇಲ್ಲದೆ ಓದುವ ಹಾಗೆ ಬರೆದಿದೆ. ಫೋನೇ ಕಳೆದ ದಿನ ಫೋನಿನೊಳಗೆ ಸೇವ್ ಮಾಡಿದ ನಂಬರ್ ಸಿಗುವುದಿಲ್ಲ, ಅಲ್ವಾ? ನಿಮ್ಮ ಮನೆಯಲ್ಲೂ ಒಂದು ಅಂಟಿಸಿ.